ಆಯ್ದು ಕಡಿದ ಕಾಡು

ತಪ್ಪಿದ ನಿಲ್ದಾಣ

ಸ್ವೀಡನ್ನಿನಲ್ಲಿ ಊರಿನ ಹೆಸರುಗಳ ಬಾಲಕ್ಕೆ ‘ಕೋಪಿಂಗ್’ ಎಂಬುದು ನಮ್ಮ ‘ಪುರ’ದ ಹಾಗೆ ಮತ್ತೆ ಮತ್ತೆ ಅಂಟಿಕೊಂಡಿರುತ್ತದೆಂದು ಮೊದಲೇ ಗೊತ್ತಿದ್ದರೆ ನಾನು ತಪ್ಪು ನಿಲ್ದಾಣದಲ್ಲಿ ಇಳಿಯುತ್ತಿರಲಿಲ್ಲ. ಸ್ಟಾಕ್‌ಹೋಮಿನಿಂದ ಹೊರಟ ರೈಲಿನಲ್ಲಿ ಧ್ವನಿವರ್ಧಕ ಏನೋ ಹೇಳಿತು, ಕೊನೆಯಲ್ಲಿ ‘ಶೋಪಿಂಗ್’ ಎಂದಿತು (ಕೋಪಿಂಗ್ ಎಂದು ಬರೆದದ್ದನ್ನು ಇಲ್ಲಿ ಹಾಗೆ ಉಚ್ಚರಿಸುತ್ತಾರೆ), ನಾನು ಪೆಟ್ಟಿಗೆ ಎಳೆದುಕೊಂಡು ಇಳಿದೆ. ಅದು ನಾರ್ಕೋಪಿಂಗ್. ನಾನು ಹೋಗಬೇಕಾದದ್ದು ಅದರ ಮುಂದಿನ ಲಿಂಕೋಪಿಂಗ್‌ಗೆ.

ನಮ್ಮ ರಾಯಚೂರು ಸ್ಟೇಷನ್ನಿನಲ್ಲಿ ಹೀಗೆ ಕಂಗಾಲಾಗಿ ನಿಂತಿದ್ದರೆ ಹತ್ತು ಜನ ಸುತ್ತ ಸೇರಿ ಹತ್ತು ದಾರಿ ಹೇಳಿ, ಮಕ್ಕಳೆಷ್ಟು, ಒಬ್ಬಳೇ ಯಾಕೆ ಬಂದೆ ಎಂದೂ ವಿಚಾರಿಸಿಬಿಡುತ್ತಿದ್ದರು. ಇಲ್ಲಿ ನಾಯಿಯೊಡನೆ ನಿಂತಿದ್ದ ಒಬ್ಬ ಹೆಂಗಸು ನನ್ನ ಟಿಕೆಟ್ಟು ನೋಡಿದಳು, ತಲೆಯಾಡಿಸಿದಳು, ಪೆಟ್ಟಿಗೆಯ ಒಂದು ಹಿಡಿ ತಾನು ಹಿಡಿದು ಇನ್ನೊಂದು ಪ್ಲಾಟ್‌ಫಾರಂಗೆ ಕರೆದೊಯ್ದಳು. ರೈಲು ಬರುವವರೆಗೆ ನನ್ನ ಪಕ್ಕದಲ್ಲೇ ನಿಂತಳು. ಒಂದು ಮಾತಿಲ್ಲ, ಒಂದು ಪ್ರಶ್ನೆಯಿಲ್ಲ. ನಾನು ಹತ್ತಿದ ಮೇಲೆ ಕೈಯೆತ್ತಿ ‘ಹೇ ದೋ’ ಎಂದು ವಿದಾಯ ಹೇಳಿ ಹೋದಳು. ನನಗೆ ಅವಳ ಹೆಸರು ಗೊತ್ತಿಲ್ಲ, ಅವಳ ನಾಯಿಯದೂ ಗೊತ್ತಿಲ್ಲ. ಉಪಕಾರವನ್ನು ಇಷ್ಟು ಮೌನವಾಗಿಯೂ ಮಾಡಬಹುದೆಂದು ಆವತ್ತು ತಿಳಿಯಿತು.

ನಾನು ಹೊರಟದ್ದು ಊರು ನೋಡಲಿಕ್ಕಲ್ಲ. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ವಸುಧಾ, ಮದುವೆಯಾಗಿ ಸ್ವೀಡನ್ನಿಗೆ ಹೋದವಳು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಾಡಿನ ಸಂಶೋಧನೆ ಮಾಡುತ್ತ ಜೀವನ ಕಳೆದಳು. ನಾನು ರಾಯಚೂರಿನ ಕಾಲೇಜಿನಲ್ಲಿ ಅದೇ ಸಸ್ಯಶಾಸ್ತ್ರವನ್ನು ಕಪ್ಪುಹಲಗೆಯ ಮೇಲೆ ಕಲಿಸಿ ನಿವೃತ್ತಳಾದೆ. ಗಿಡವಿಲ್ಲದ ಊರಿನಲ್ಲಿ ಕಾಡಿನ ಪಾಠ. ಪ್ರತಿ ವರ್ಷ ವಸುಧಾ, ‘ಬಾರವಾ, ನನ್ನ ಕಾಡ ತೋರಸ್ತೀನಿ’ ಎನ್ನುವಳು, ನಾನು ‘ಬರೂಣಂತ’ ಎನ್ನುವೆ. ಈ ಬೇಸಿಗೆಯಲ್ಲಿ ಫೋನು ಮಾಡಿ, ‘ಶಾಂತಿ, ಬರೋದಿದ್ರ ಈಗ ಬಾ. ಆಮ್ಯಾಲ ಬಂದ್ರ ನಾ ಸಿಗಂಗಿಲ್ಲ’ ಎಂದಳು. ಅವಳ ಕಾಯಿಲೆಗೆ ವೈದ್ಯರು ಔಷಧಿ ನಿಲ್ಲಿಸಿದ್ದರು. ಇನ್ನು ನೋವು ಕಡಿಮೆ ಮಾಡುವುದಷ್ಟೇ ಉಳಿದಿತ್ತು.

ಲಿಂಕೋಪಿಂಗ್

ನಿಲ್ದಾಣಕ್ಕೆ ಬಂದವಳು ವಸುಧಾಳ ಮಗಳು ತಾರಾ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ವೆಸ್ಟೆರಾಸ್ ಎಂಬ ಊರಿನಲ್ಲಿ ವಿದ್ಯುತ್ ಯಂತ್ರಗಳ ಕಂಪನಿಯಲ್ಲಿ ಎಂಜಿನಿಯರು. ತಂದೆ ಕೆಲವು ವರ್ಷಗಳ ಹಿಂದೆ ತೀರಿಕೊಂಡಿದ್ದರು, ಹಾಗಾಗಿ ರಜೆ ಹಾಕಿ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಹೊರಗೆ ಬಂದೊಡನೆ ನಾನು ನುಣ್ಣನೆಯ ಕೆಂಪು ಹಾದಿ ಕಂಡು ಅದರ ಮೇಲೆ ನಡೆದೆ. ಹಿಂದಿನಿಂದ ಟ್ರಿಣ್ ಟ್ರಿಣ್. ಅದು ಸೈಕಲ್ಲುಗಳ ದಾರಿಯಂತೆ. ಅಜ್ಜಿಯೊಬ್ಬಳು ಸುಯ್ಯನೆ ನನ್ನ ಪಕ್ಕದಲ್ಲಿ ಹೋದಳು, ಬೈಯಲಿಲ್ಲ, ಆದರೆ ತಿರುಗಿ ನೋಡಿದ ನೋಟ ಬೈಗುಳಕ್ಕಿಂತ ಚುರುಕಾಗಿತ್ತು.

ಬಸ್ಸಿನಲ್ಲಿ ಇಬ್ಬರು ಕೂರುವ ಸೀಟುಗಳಲ್ಲಿ ಒಬ್ಬೊಬ್ಬರೇ ಕೂತಿದ್ದರು. ತಾರಾ ನನ್ನ ಪಕ್ಕ ಕೂತು ದನಿ ತಗ್ಗಿಸಿದಳು.

“ಆಂಟಿ, ಒಂದು ವಿಷಯ. ಅಮ್ಮ ನಿಮ್ಮನ್ನ ಗುನ್ನಾರ್ ಅವರ ಕಾಡಿಗೆ ಕರ್ಕೊಂಡು ಹೋಗ್ಬೇಕು ಅಂತಾನೇ ಇದಾರೆ. ಬೇಡ ಅಂತ ನೀವೇ ಹೇಳಿ, ಪ್ಲೀಸ್. ನನ್ನ ಮಾತು ಕೇಳಲ್ಲ.”

“ಯಾಕಮ್ಮಾ? ಅಷ್ಟು ನಡೆಯೋಕಾಗಲ್ವಾ?”

“ಅದಲ್ಲ. ಚಳಿಗಾಲದಲ್ಲಿ ಅಲ್ಲಿ ಲಾಗಿಂಗ್ ಆಗಿದೆ. ಪೂರ್ತಿ ಅಲ್ಲ, ಆಯ್ದು ಆಯ್ದು ಕಡಿದಿದಾರೆ. ಅಮ್ಮಂಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿದ್ರು ಆಗ.” ಅವಳು ಕಿಟಕಿಯ ಕಡೆ ತಿರುಗಿದಳು. “ಗೊತ್ತಾಗೋದು ಬೇಡ. ಇನ್ನೆಷ್ಟು ದಿನ ಅಂತ.”

ಗುನ್ನಾರ್ ಯಾರೆಂದು ನನಗೆ ತಿಳಿದಿತ್ತು. ಲಿಂಕೋಪಿಂಗ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದು ಗಂಟೆಯ ದಾರಿಯಲ್ಲಿ ಇರುವ ರೈತ. ಇಲ್ಲಿ ರೈತನಿಗೆ ಹೊಲದಂತೆ ಕಾಡೂ ಸ್ವಂತದ್ದಿರುತ್ತದೆ, ಆದರೆ ಯಾರ ಕಾಡಿನಲ್ಲಾದರೂ ಯಾರು ಬೇಕಾದರೂ ಅಡ್ಡಾಡಬಹುದು, ಹಣ್ಣು ಆಯಬಹುದು, ಕೇಳಬೇಕಿಲ್ಲ. ಬಹಳ ಹಿಂದೆ ಗುನ್ನಾರ್ ತನ್ನ ಕಾಡನ್ನು ಪೂರ್ತಿ ಕಡಿಸಿ ಹೊಸದಾಗಿ ಸಸಿ ನೆಡಲು ಹೊರಟಿದ್ದಾಗ ವಸುಧಾ ಅವನ ಅಡುಗೆಮನೆಯಲ್ಲಿ ಕೂತು ವಾದಿಸಿ ತಡೆದಿದ್ದಳು. ಬೋಳು ಮಾಡಬೇಡ, ಬೇಕಾದರೆ ಕೆಲವನ್ನು ಆಯ್ದು ಕಡಿ, ಕಾಡು ಕಾಡಾಗಿಯೇ ಇರಲಿ ಎಂದಿದ್ದಳು. ಆಮೇಲೆ ಇಷ್ಟು ವರ್ಷವೂ ಅವಳು ಅಲ್ಲಿಗೆ ಹೋಗಿ ಮರಗಳನ್ನು ಅಳೆಯುತ್ತಿದ್ದಳು.

ವಸುಧಾಳ ಮನೆ

ಬಾಗಿಲು ತೆರೆದವಳು ವಸುಧಾ. ಹಾಸ್ಟೆಲಿನಲ್ಲಿ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದವಳು ಈಗ ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ನಾನು ಚಪ್ಪಲಿ ಬಿಚ್ಚತೊಡಗಿದೆ.

“ಬಂದ್ಯಾ? ಚಪ್ಪಲಿ ಹೊರಗ ಬಿಡೋದು ಇಲ್ಲೂ ಪದ್ಧತಿ ಐತಿ, ಹೆದರಬ್ಯಾಡ” ಎಂದಳು. “ಅಳೂದು ಆಮ್ಯಾಲ. ಮೊದಲ ಶೇಂಗಾ ಚಟ್ನಿ ತಂದಿಯೇನು ಹೇಳು.”

ತಂದಿದ್ದೆ. ಒಂದು ಬೆರಳ ತುದಿಯಷ್ಟು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಅದಕ್ಕಿಂತ ಹೆಚ್ಚು ಅವಳಿಂದ ಆಗಲಿಲ್ಲ.

ಶನಿವಾರ ಕನ್ನಡದವರು ಮೂರ್ನಾಲ್ಕು ಜನ ಅವಳನ್ನು ನೋಡಲು ಬಂದರು. ಬೆಂಗಳೂರಿನಿಂದ ಕೆಲಸಕ್ಕೆ ಬಂದ ಐಟಿಯವರು. ಬಿಸಿಬೇಳೆ ಭಾತಿನ ಡಬ್ಬಿ, ಮಗುವಿನ ‘ದಾಗಿಸ್’ ಎಂಬ ಶಿಶುವಿಹಾರದ ರಜೆಯ ಚಿಂತೆ, ವೀಸಾದ ಚಿಂತೆ. ಮಕ್ಕಳು ಅಮ್ಮನ ಕನ್ನಡಕ್ಕೆ ಸ್ವೀಡಿಷ್‌ನಲ್ಲಿ ಉತ್ತರ ಕೊಟ್ಟು ಬಿಸ್ಕತ್ತು ತಿಂದವು. ಅವರೊಡನೆ ವಸುಧಾ, “ಬನ್ನಿ, ಕೂತ್ಕೊಳ್ಳಿ, ಫೀಕಾ ಮಾಡೋಣ, ಕಾಫಿ ಆಯ್ತಾ ನಿಮ್ದು?” ಎಂದು, ಕಾಫಿ ತಿಂಡಿಯ ಬಿಡುವಿಗೆ ಇಲ್ಲಿನವರು ಹೇಳುವ ‘ಫೀಕಾ’ವನ್ನೂ ಸೇರಿಸಿ, ನಯವಾದ ಬೆಂಗಳೂರಿನ ಕನ್ನಡ ಆಡಿದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, “ಸಾಕಾತ್ ನೋಡವಾ, ದವಡಿ ನೋವ್ ಬಂತು” ಎಂದಳು.

ತಾರಾ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು: “ಆಂಟಿ, ಅಮ್ಮ ನಿಮ್ಮ ಜೊತೆ ಬೇರೆ ಯಾರೋ ಥರ ಇದಾರೆ. ಈ ಕನ್ನಡ ನಾನು ಕೇಳೇ ಇರಲಿಲ್ಲ.”

ಮರುದಿನ ಬೆಳಿಗ್ಗೆ ವಸುಧಾ ತಿಂಡಿಯ ಮುಂದೆ ಕೂತು ಕಾಡಿನ ವಿಷಯ ತೆಗೆದಳು. ತಾರಾ ಮಳೆ ಎಂದಳು, ಕಾರಿನ ಚಕ್ರ ಎಂದಳು, ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳು ಹತ್ತುತ್ತವೆ ಎಂದಳು. ವಸುಧಾ ಎಲ್ಲವನ್ನೂ ಕೇಳಿ ನನ್ನತ್ತ ನೋಡಿದಳು.

“ಶಾಂತಿ, ಇಕಿ ಏನೋ ಮುಚ್ಚಿಡಾಕತ್ತಾಳ. ನಿನಗೇನರ ಗೊತ್ತದ?”

ನಾನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ “ಇಲ್ಲ” ಎಂದೆ. ಸಾಯುವ ಗೆಳತಿಗೆ ಸುಳ್ಳು ಹೇಳುವುದು ಕರುಣೆ ಎಂದು ಆ ಕ್ಷಣಕ್ಕೆ ಅನಿಸಿತು. ಅವಳು ಹೆಚ್ಚು ಕೆದಕಲಿಲ್ಲ. “ಹಂಗಾರ ನಾಳೆ ಹೋಗೂಣು” ಎಂದಳು, ಅಷ್ಟೇ.

ಕಾಡಿನ ಅಂಚು

ದಾರಿಯುದ್ದಕ್ಕೂ ಕೆಂಪು ಮರದ ಮನೆಗಳು, ಸರೋವರಗಳು, ಕೊಯ್ಲಾದ ಹೊಲಗಳು. ಆಗಸ್ಟಿನ ಬಿಸಿಲು ನಮ್ಮ ಡಿಸೆಂಬರಿನ ಬೆಳಗಿನ ಹಾಗೆ ಹಿತವಾಗಿತ್ತು. ಅಲ್ಲಲ್ಲಿ ಪೂರ್ತಿ ಕಡಿದ ಬೋಳು ಜಾಗಗಳು ಬರುತ್ತಿದ್ದವು. ಬುಡಗಳೇ ಬುಡಗಳು, ಮಧ್ಯೆ ಬೆಪ್ಪಾಗಿ ನಿಂತ ಒಂದೆರಡು ಪೈನ್ ಮರ. ಅಂಥದ್ದು ಬಂದಾಗಲೆಲ್ಲ ವಸುಧಾ ಮುಖ ಆಚೆ ತಿರುಗಿಸುತ್ತಿದ್ದಳು.

ಗುನ್ನಾರ್‌ನ ಕಾಡು ಬಂತು. ರಸ್ತೆಯಿಂದ ನೋಡಿದರೆ ಎತ್ತರಕ್ಕೆ ದಟ್ಟವಾಗಿ ಹಸಿರೋ ಹಸಿರು. ನನಗೆ ಎದೆಯ ಭಾರ ಇಳಿದಂತಾಯಿತು. ತಾರಾ ಏನೋ ದೊಡ್ಡದು ಮಾಡಿ ಹೇಳಿದ್ದಾಳೆ, ಇಲ್ಲಿ ಏನೂ ಆದಂತಿಲ್ಲವಲ್ಲ ಎಂದುಕೊಂಡೆ. ವಸುಧಾಳ ಮುಖವೂ ಅರಳಿತು. “ನೋಡು, ಹೆಂಗ ನಿಂತದ” ಎಂದಳು. ಕಾರಿನ ಕನ್ನಡಿಯಲ್ಲಿ ತಾರಾಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಅವಳು ಅಲ್ಲಿಂದಲೇ ವಾಪಸ್ಸು ತಿರುಗಿಸಲು ನೋಡಿದಳು. ವಸುಧಾ ಅಷ್ಟರಲ್ಲಿ ಬಾಗಿಲು ತೆಗೆದಿದ್ದಳು.

ವಸುಧಾ ನನಗೆ ತನ್ನ ಹಳೆಯ ರಬ್ಬರ್ ಬೂಟು ಕೊಟ್ಟಿದ್ದಳು. ನನ್ನ ಕಾಲಿಗೆ ದೊಡ್ಡದು. ಹೆಜ್ಜೆ ಇಟ್ಟಾಗಲೆಲ್ಲ ಬೂಟು ಒಂದು ಕ್ಷಣ ತಡವಾಗಿ ಹಿಂದೆ ಬರುತ್ತಿತ್ತು. ನಾವಿಬ್ಬರೂ ಎರಡು ಕಡೆ ಅವಳನ್ನು ಹಿಡಿದುಕೊಂಡು ಒಳಗೆ ಹೋದೆವು. ಅಂಚಿನ ಮರಗಳ ಪರದೆ ದಾಟಿದೊಡನೆ ವಸುಧಾ ನಿಂತಳು.

ಮರಗಳಿದ್ದವು, ಇಲ್ಲವೆನ್ನುವಂತಿಲ್ಲ. ನೆಟ್ಟಗೆ, ಒಂದೇ ದಪ್ಪದ, ಒಂದೇ ಎತ್ತರದ, ಸೂಜಿ ಎಲೆಯ ಸ್ಪ್ರೂಸ್ ಮರಗಳು, ಒಂದರಿಂದೊಂದು ಸರಿಯಾದ ಅಂತರದಲ್ಲಿ, ಪರೀಕ್ಷೆಗೆ ಕೂರಿಸಿದ ಹುಡುಗರ ಹಾಗೆ. ನಡುವೆ ಯಂತ್ರ ಓಡಾಡಿದ ಅಗಲವಾದ ದಾರಿಗಳು, ಅವುಗಳ ಗಾಲಿಯ ಹೊಂಡದಲ್ಲಿ ನೀರು. ಆ ದಾರಿಗಳ ಇಕ್ಕೆಲದಲ್ಲಿ ಊಟದ ಮೇಜಿನಷ್ಟು ಅಗಲದ ಬುಡಗಳು. ಎಲ್ಲ ದೊಡ್ಡ ಮರಗಳು ಹೋಗಿದ್ದವು. ಮೇಲಿನಿಂದ ಬಿಸಿಲು ತಡೆಯಿಲ್ಲದೆ ಬಿದ್ದು, ಪಾಚಿ ಇರಬೇಕಾದ ನೆಲದಲ್ಲಿ ಹುಲ್ಲು ಹುಟ್ಟಿತ್ತು.

ವಸುಧಾ ಒಂದು ಬುಡದ ಮೇಲೆ ಕೈಯಿಟ್ಟಳು. ಕೈಯಿಟ್ಟುಕೊಂಡೇ ಬಹಳ ಹೊತ್ತು ನಿಂತಳು.

“ನಿನಗ ಗೊತ್ತಿತ್ತು” ಎಂದಳು.

ನಾನು ಹೂಂ ಎಂದೆ.

“ಹೇಳಿದ್ರ ನಾ ಬರ್ತಿದ್ದಿಲ್ಲ ಅಂತ ತಿಳಕೊಂಡ್ರೇನು ನೀವಿಬ್ಬರೂ? ಬರ್ತಿದ್ದೆ.”

ಮಲಗಿದ ಮರ

ದಾರಿಯ ಪಕ್ಕ ಒಂದು ದಪ್ಪ ಕಾಂಡ ಅಡ್ಡ ಬಿದ್ದಿತ್ತು. ಕಡಿದು ಹಾಗೇ ಬಿಟ್ಟದ್ದು. ವಸುಧಾ ಅದರ ಮೇಲೆ ಕೂತಳು. ಅದು ಆಸ್ಪ್ ಎಂಬ ಮರ, ನಮ್ಮ ಅರಳಿ ಎಲೆಯಂತೆ ಗಾಳಿ ಇಲ್ಲದಾಗಲೂ ಅದರ ಎಲೆ ನಡುಗುತ್ತದೆಂದು ಹೇಳಿದಳು. ಒಳಗೆ ಟೊಳ್ಳಾಗುತ್ತದೆ, ಯಾರೂ ಕೊಳ್ಳುವುದಿಲ್ಲ. ಕಾಡಿನ ಅರ್ಧ ಜೀವ ಅದರ ಮೇಲೆಯೇ ಇರುತ್ತದೆ.

ಕಾಂಡದ ತೊಗಟೆಯ ಮೇಲೆ ಒಣಗಿದ, ಕಂದು ಬಣ್ಣದ, ಮುದುಡಿದ ಹಾಳೆಯಂಥದ್ದು ಅಂಟಿಕೊಂಡಿತ್ತು. ಕಲ್ಲುಹೂವು. ನಾವು ಮಸಾಲೆಗೆ ಹಾಕುತ್ತೇವಲ್ಲ, ಅದರ ದೊಡ್ಡ ಬಳಗದ ಒಂದು ಜಾತಿ. ಇದರ ಮೈಯೆಲ್ಲ ಉಬ್ಬು ತಗ್ಗು, ಶ್ವಾಸಕೋಶವನ್ನು ಬಿಡಿಸಿ ಇಟ್ಟಂತೆ. ಹಳೆಯ ಮರ, ನೆರಳು, ತೇವ ಇದ್ದ ಕಡೆ ಮಾತ್ರ ಬದುಕುತ್ತದಂತೆ.

“ನೀರಿನ ಬಾಟ್ಲಿ ಕೊಡು” ಎಂದಳು ತಾರಾಗೆ. “ಶಾಂತಿ, ನೋಡ್ತಿರು. ಇದು ಒಣಗಿದಾಗ ಸತ್ತಂಗ ಕಾಣ್ತದ. ನೀರ್ ಬಿದ್ದ ಕೂಡಲೇ ಹಸರಾಗ್ತದ, ಗಿಣಿ ಹಸರು. ನನ್ನ ವಿದ್ಯಾರ್ಥಿಗಳಿಗೆಲ್ಲ ಇದನ್ನ ತೋರಸ್ತಿದ್ದೆ. ಎಲ್ಲಾರೂ ಕೂಗ್ತಿದ್ರು.”

ನೀರು ಸುರಿದಳು. ಮೂವರೂ ಬಗ್ಗಿ ನೋಡಿದೆವು. ನೀರು ಇಳಿದುಹೋಯಿತು. ಹಾಳೆ ಕಂದಾಗಿಯೇ ಇತ್ತು. ಅವಳು ಇನ್ನಷ್ಟು ಸುರಿದಳು. ಕಾದಳು. ಇನ್ನೊಂದು ಕಡೆ ಸುರಿದಳು. ಬಾಟಲಿ ಖಾಲಿಯಾಯಿತು.

“ಸತ್ತದ” ಎಂದಳು.

ತಾರಾ ಎದ್ದು ಆಚೆ ಹೋದಳು. ನಾನು, “ಇನ್ನೂ ಮರ ಅದಾವಲ್ಲ ವಸೂ, ಕಾಡು ಕಾಡಾಗೇ ನಿಂತದ” ಎಂದೆ.

“ಹೌದು, ದೂರದಿಂದ ನೋಡಿದ್ರ ಕಾಡ” ಎಂದಳು. “ನೀ ಬೋರ್ಡಿನ ಮ್ಯಾಲೆ ಬರೀತಿದ್ದಿಯಲ್ಲ, ಕಾಡಿನ ಅಂತಸ್ತು. ಮುದುಕ ಮರ, ನಡುವಿನ ಮರ, ಪೊದಿ, ಪಾಚಿ, ನಿಂತಲ್ಲೇ ಸತ್ತದ್ದು, ಬಿದ್ದು ಕೊಳಿಯೋದು. ಇಲ್ಲಿ ನಡುವಿನ ಅಂತಸ್ತು ಒಂದ ಉಳಿದದ. ಅದೂ ಒಂದ ಜಾತಿ. ಮುಂದ ಬೀಜ ಬಿದ್ರೂ ಅದ ಜಾತಿ ಹುಟ್ಟೋದು.” ಸ್ವಲ್ಪ ಉಸಿರು ತೆಗೆದುಕೊಂಡಳು. “ಆಯ್ದು ಕಡಿ ಅಂತ ನಾನ ಹೇಳಿದ್ದೆ. ಆಯೋದು ಯಾರು, ಏನ್ ನೋಡಿ ಆಯ್ತಾರ, ಅದನ್ನ ಕೂತು ಹೇಳಬೇಕಿತ್ತು. ಈ ವರ್ಷ ಹೇಳಬೇಕಂತಿದ್ದೆ. ಅಷ್ಟ್ರಾಗ ಮಲಕೊಂಡೆ.”

ಎದುರಿನ ಗುಡ್ಡದ ಬಂಡೆಗಳ ನಡುವೆ ಯಂತ್ರ ಹತ್ತಲಾಗದ ಒಂದು ಚೂರು ಜಾಗ ಹಾಗೇ ಉಳಿದಿತ್ತು. ವಸುಧಾ ಅಲ್ಲಿಗೆ ಬೆರಳು ಮಾಡಿದಳು. “ನನಗ ಹತ್ತಾಕ ಆಗಂಗಿಲ್ಲ. ತಾರಾನ ಕರಕೊಂಡು ನೀ ಹೋಗು. ನಿನಗ ತೋರಸಬೇಕಂತಿದ್ದದ್ದು ಅದು.”

ಬೂಟು ಕಳಚಿ ಕಳಚಿ ಬೀಳುತ್ತಿರಲು ನಾನೂ ತಾರಾಳೂ ಬಂಡೆ ಹಿಡಿದು ಹತ್ತಿದೆವು. ಮೇಲೆ ಹೋದೊಡನೆ ಗಾಳಿಯೇ ಬೇರೆಯಾಯಿತು. ಒದ್ದೆ ಮಣ್ಣಿನ, ಅಣಬೆಯ ವಾಸನೆ. ಇಬ್ಬರು ತಬ್ಬಿದರೂ ಸಿಗದ ಒಂದು ಸ್ಪ್ರೂಸ್, ಅದರ ಕೊಂಬೆಗಳಿಂದ ಮುದುಕನ ಗಡ್ಡದಂತೆ ಬೂದು ಎಳೆಗಳು. ಪಕ್ಕದಲ್ಲಿ ತಲೆ ಮುರಿದು ನಿಂತಲ್ಲೇ ಸತ್ತ ಬರ್ಚ್ ಮರ, ಮೈತುಂಬ ಮರಕುಟಿಗನ ತೂತು. ಬಿದ್ದ ಕಾಂಡವೊಂದು ಪಾಚಿ ಹೊದ್ದು ಮಲಗಿತ್ತು. ಅದರ ಬೆನ್ನ ಮೇಲೆ ಬೆರಳುದ್ದದ ಸಸಿಗಳು ಸಾಲಾಗಿ ನಿಂತಿದ್ದವು. ಒಂದು ಆಸ್ಪ್, ಅದರ ಮೈಗೆ ಆ ಕಲ್ಲುಹೂವು, ಗಿಣಿ ಹಸಿರು. ಜೀವಮಾನವೆಲ್ಲ ಸೀಮೆಸುಣ್ಣದಲ್ಲಿ ಬರೆದ ಚಿತ್ರದೊಳಗೆ ನಾನು ಮೊದಲ ಸಲ ಕಾಲಿಟ್ಟಿದ್ದೆ. ಆ ಜಾಗ ನಮ್ಮ ಕಾಲೇಜಿನ ಒಂದು ಕ್ಲಾಸ್‌ರೂಮಿಗಿಂತ ದೊಡ್ಡದಿರಲಿಲ್ಲ.

ತಾರಾ ಆಸ್ಪ್ ಮರಕ್ಕೆ ಹಣೆಯಿಟ್ಟು ಬಿಕ್ಕಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ತಾಯಿಗಾಗಿ ಅಳುತ್ತಿದ್ದಾಳೆಂದುಕೊಂಡೆ. ಅದಷ್ಟೇ ಅಲ್ಲವೆಂದು ಆಮೇಲೆ ತಿಳಿಯಿತು.

ಕೆಳಗಿಳಿದಾಗ ವಸುಧಾ, “ಏನೇನ್ ನೋಡ್ದಿ ಹೇಳು” ಎಂದಳು. ನಾನು ಒಂದೊಂದಾಗಿ ಹೇಳಿದೆ. ಅವಳು ಪಾಠ ಒಪ್ಪಿಸಿಕೊಳ್ಳುವವಳಂತೆ ಕಣ್ಣು ಮುಚ್ಚಿ ಕೇಳಿದಳು. ಸಸಿಗಳ ಸಾಲಿನ ವಿಷಯ ಬಂದಾಗ, “ಮೊದಲ ಈ ಕಡಿ ತುಂಬ ಹಂಗ ಇತ್ತು” ಎಂದು ಕೈಯನ್ನು ಗಾಳಿಯಲ್ಲಿ ಆಡಿಸಿ ಸುತ್ತಲಿನ ಕಾಡನ್ನು ತೋರಿಸಿದಳು.

ಗುನ್ನಾರ್‌ನ ಅಡುಗೆಮನೆ

ನಮ್ಮ ಕಾರು ನೋಡಿ ಗುನ್ನಾರ್ ಕೋಲೂರಿಕೊಂಡು ಬಂದ. ಎತ್ತರದ ಮುದುಕ, ಸೊಂಟ ಒಂದು ಕಡೆಗೆ ವಾಲಿತ್ತು. ವಸುಧಾಳ ಸ್ಥಿತಿ ಕಂಡು ಟೊಪ್ಪಿ ತೆಗೆದ. ಅವರಿಬ್ಬರೂ ಸ್ವೀಡಿಷ್‌ನಲ್ಲಿ ಮಾತಾಡಿದರು. ತಾರಾ ನನಗೆ ಪಿಸುಗುಟ್ಟಿ ಹೇಳುತ್ತ ಹೋದಳು.

“ನೋಡಿದೆಯಾ?” ಎಂದ ಅವನು, ನಾಚಿಕೆಯಲ್ಲಿ, ಆದರೆ ಹೆಮ್ಮೆಯಲ್ಲಿ. “ಬೋಳು ಮಾಡಲಿಲ್ಲ. ಸುತ್ತಲಿನವರೆಲ್ಲ ಮಾಡಿದರು. ನಾನು ನೀನು ಹೇಳಿದ ಹಾಗೆ ಆಯ್ದು ಕಡಿಸಿದೆ.”

ವಸುಧಾ ಅವನ ಮುಖವನ್ನೇ ನೋಡಿದಳು. ಆಮೇಲೆ, “ಕಾಫಿ ಕೊಡು, ಗುನ್ನಾರ್” ಎಂದಳು.

ಅವನ ಅಡುಗೆಮನೆ ಒಂಟಿ ಗಂಡಸಿನದಾದರೂ ಚೊಕ್ಕವಾಗಿತ್ತು. ಕಿಟಕಿಯಲ್ಲಿ ಕೆಂಪು ಹೂವಿನ ಕುಂಡ. ದಾಲ್ಚಿನ್ನಿ ಹಾಕಿದ ಬನ್ನುಗಳನ್ನು ತಟ್ಟೆಯಲ್ಲಿಟ್ಟ. ಇಲ್ಲಿ ದುಃಖಕ್ಕೂ ಸಂತೋಷಕ್ಕೂ ಒಂದೇ ಬನ್ನು. ತಟ್ಟೆಯಲ್ಲಿ ಉಳಿದ ಕೊನೆಯದನ್ನು ಮಾತ್ರ ಯಾರೂ ತೆಗೆದುಕೊಳ್ಳುವುದಿಲ್ಲ. ನನಗೆ ತಿಳಿಯದೆ ತೆಗೆದುಕೊಂಡೆ.

ಆಸ್ಪ್ ಮರಗಳನ್ನು ಯಾಕೆ ಕಡಿಸಿದೆ ಎಂದು ವಸುಧಾ ಕೇಳಿದಳು. ಬರಗಾಲದ ಬೇಸಿಗೆಗಳಾದ ಮೇಲೆ ತೊಗಟೆ ಕೊರೆಯುವ ದುಂಬಿ ಬಂದಿತ್ತು ಎಂದ ಗುನ್ನಾರ್. ದೊಡ್ಡ ಸ್ಪ್ರೂಸ್‌ಗಳಿಗೇ ಮೊದಲು ಹತ್ತುತ್ತದೆ, ಹತ್ತುವ ಮೊದಲು ತೆಗೆದುಬಿಡು ಎಂದು ಮರ ಕೊಳ್ಳುವವರು ಹೇಳಿದರು. ಯಂತ್ರ ಒಳಗೆ ಬರಲು ದಾರಿ ಬೇಕಿತ್ತು, ಆಸ್ಪ್‌ಗಳು ದಾರಿಯಲ್ಲಿದ್ದವು. ಟೊಳ್ಳು ಮರ, ಬೆಲೆಯಿಲ್ಲದ್ದು. ಡ್ರೈವರು ಕೇಳಿದ, ನಾನು ಹೂಂ ಎಂದು ತಲೆಯಾಡಿಸಿದೆ ಎಂದ ಗುನ್ನಾರ್.

“ನನಗೂ ಅನುಮಾನವಿತ್ತು. ಯಾವುದನ್ನು ಬಿಡಬೇಕು ಎಂದು ಕೇಳಲು ನಿನಗೆ ಫೋನು ಮಾಡಿದ್ದೆ” ಎಂದ. ಹೇಳಿದವನು ತಾರಾಳನ್ನು ನೋಡಿ ತಟ್ಟನೆ ನಿಲ್ಲಿಸಿದ.

ತಾರಾ ಅನುವಾದಿಸುವುದನ್ನು ನಿಲ್ಲಿಸಿದಳು. ಬಟ್ಟಲನ್ನು ತಟ್ಟೆಯ ಮೇಲಿಟ್ಟಳು. ಆಮೇಲೆ ಕನ್ನಡದಲ್ಲಿ, ತಾಯಿಯನ್ನು ನೋಡದೆ ಹೇಳಿದಳು:

“ನಾನೇ ಫೋನ್ ತಗೊಂಡಿದ್ದು, ಅಮ್ಮ. ಆವತ್ತು ನಿಂಗೆ ಪ್ರಜ್ಞೆ ಇರ್ಲಿಲ್ಲ. ಅವರು ಮರ ಅಂತಾರೆ, ನಾನು ಕಾರಿಡಾರ್‌ನಲ್ಲಿ ಡಾಕ್ಟರ್‌ಗೆ ಕಾಯ್ತಾ ಇದೀನಿ. ನಂಗೆ ಸಿಟ್ಟು ಬಂತು. ನಿಮಗೆ ಸರಿ ಅನ್ನಿಸಿದ್ದು ಮಾಡಿ, ಈಗ ಅಮ್ಮನ್ನ ಕೇಳೋಕಾಗಲ್ಲ ಅಂದೆ. ಇಟ್ಟುಬಿಟ್ಟೆ.” ಅವಳ ದನಿ ಒಡೆಯಿತು. “ಒಂದೇ ಒಂದು ವಾರ ಕಾಯಿರಿ ಅಂದಿದ್ರೆ ಸಾಕಿತ್ತು.”

ಗುನ್ನಾರ್‌ಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಅವನು ಕಿಟಕಿಯ ಕಡೆ ಮುಖ ಮಾಡಿದ.

ವಸುಧಾ ಮೇಜಿನ ಮೇಲಿಂದ ಕೈಚಾಚಿ ಮಗಳ ಕೈ ಹಿಡಿದಳು. “ಹುಚ್ಚಿ. ನೀ ಆವತ್ತ ನನ್ನ ಕಾಯಾಕತ್ತಿದ್ದಿ. ಮರ ಕಾಯೋದು ನಿನ್ನ ಕೆಲಸ ಇದ್ದಿಲ್ಲ. ಇಷ್ಟ ದಿನ ಇದನ್ನ ಒಬ್ಬಾಕಿನ ಹೊತಗೊಂಡು ಅಡ್ಡಾಡ್ದೇನು?” ಅವಳು ಮಗಳೊಡನೆ ನಮ್ಮ ಊರಿನ ಮಾತಿನಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಾರಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಆಮೇಲೆ ವಸುಧಾ ಗುನ್ನಾರ್‌ಗೆ ಹೇಳಿದ್ದನ್ನು ತಾರಾ ಹೊರಗೆ ಬಂದ ಮೇಲೆ ನನಗೆ ತಿಳಿಸಿದಳು. ನೀನು ಕೆಟ್ಟದ್ದು ಮಾಡಲಿಲ್ಲ, ಗುನ್ನಾರ್, ಆದರೆ ಕಾಡು ಬಹಳ ಕಳೆದುಕೊಂಡಿತು. ಎರಡೂ ನಿಜ. ಹಾಗೆಂದಳಂತೆ. ಅವನು, ಈಗ ಏನು ಮಾಡಬೇಕು ಹೇಳು ಎಂದನಂತೆ.

ಬೇಲಿ

ಆಸ್ಪ್ ಮರವನ್ನು ಕಡಿದರೆ ಅದರ ಬೇರು ಸಾಯುವುದಿಲ್ಲ. ಬೇರಿನಿಂದ ಸುತ್ತೆಲ್ಲ ಚಿಗುರು ಏಳುತ್ತದೆ. ನಾವು ಹೋದಾಗಲೂ ಎದ್ದಿತ್ತು, ಆದರೆ ಪ್ರತಿಯೊಂದರ ತುದಿಯೂ ಕಡಿದಿತ್ತು. ಎಲ್ಕ್ ಎಂಬ ಕುದುರೆಯಷ್ಟು ಎತ್ತರದ ಜಿಂಕೆಗೆ ಅದು ಕೊತ್ತಂಬರಿ ಕಟ್ಟಿನಂತೆ. ಸ್ಪ್ರೂಸ್ ಚುಚ್ಚುತ್ತದೆಂದು ಅದನ್ನು ಬಿಡುತ್ತದೆ. ಹೀಗಾಗಿಯೇ ಬೇರೆ ಬೇರೆ ಜಾತಿಯ ಮರಗಳಿದ್ದ ಕಡೆ ಕೊನೆಗೆ ಒಂದೇ ಜಾತಿ ಉಳಿಯುತ್ತದೆ. ಒಂದು ತುಂಡು ಜಾಗಕ್ಕಾದರೂ ಬೇಲಿ ಹಾಕು ಎಂದು ವಸುಧಾ ಕೇಳಿದ್ದಳು.

ಕೆಲವು ದಿನ ಬಿಟ್ಟು ನಾವು ಮತ್ತೆ ಹೋದೆವು. ವಸುಧಾಳನ್ನು ಮಡಚುವ ಕುರ್ಚಿಯಲ್ಲಿ ಕಂಬಳಿ ಹೊದಿಸಿ ಕೂರಿಸಿದೆವು. ಗುನ್ನಾರ್ ಕಂಬ ಬಡಿದ, ತಾರಾ ತಂತಿ ಎಳೆದಳು, ನಾನು ಮೊಳೆ ಕೊಡುತ್ತ ನಿಂತೆ. ನನ್ನ ದುಪಟ್ಟಾ ತಂತಿಗೆ ಸಿಕ್ಕಿ ನಾನೂ ಬೇಲಿಯ ಭಾಗವಾಗಿಬಿಟ್ಟೆ. ಗುನ್ನಾರ್ ಗಂಭೀರವಾಗಿ ಬಂದು ಇಕ್ಕಳದಿಂದ ಬಿಡಿಸಿ, ತೂತು ಬಿದ್ದ ಕಡೆ ಕೈ ತೋರಿಸಿ ಕ್ಷಮೆ ಕೇಳಿದ. ವಸುಧಾ ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮು ನಿಲ್ಲಲಿಲ್ಲ. ಆವತ್ತಿನ ಕೆಲಸ ಅಲ್ಲಿಗೇ ಮುಗಿಸಿ ಮನೆಗೆ ಬಂದೆವು. ಉಳಿದದ್ದನ್ನು ಗುನ್ನಾರ್ ಒಬ್ಬನೇ ಮುಗಿಸಿದ.

ನಾನು ಹೊರಡುವ ದಿನ ವಸುಧಾ ಹಾಸಿಗೆಯಿಂದ ಏಳಲಿಲ್ಲ. “ಮತ್ತ ಬಾ” ಎಂದು ಅವಳು ಹೇಳಲಿಲ್ಲ, “ಬರ್ತೀನಿ” ಎಂದು ನಾನೂ ಹೇಳಲಿಲ್ಲ. ನನ್ನ ಮೊಣಕೈ ಹಿಡಿದು, “ರಾಯಚೂರಾಗ ಬಿಸಲು ಭಾಳ ಇರತದ. ಛತ್ರಿ ಹಿಡಕೊಂಡು ಅಡ್ಡಾಡು” ಎಂದಳು. ಬಾಗಿಲ ತನಕ ಹೋಗಿ ತಿರುಗಿ ನೋಡಿದೆ. ಆಗಲೇ ಕಣ್ಣು ಮುಚ್ಚಿದ್ದಳು.

ರಾಯಚೂರು

ಅಲ್ಲಿ ಹಿಮ ಬೀಳುವ ಮೊದಲೇ ವಸುಧಾ ಹೋದಳು. ತಾರಾ ಫೋನು ಮಾಡಿದಾಗ ನಾನು ತರಕಾರಿ ಮಾರ್ಕೆಟ್ಟಿನಲ್ಲಿದ್ದೆ. ಸುತ್ತಲಿನ ಕೂಗಾಟದಲ್ಲಿ ಅವಳ ಮಾತು ಮೊದಲು ಕೇಳಿಸಲೇ ಇಲ್ಲ, ಅವಳು ಎರಡು ಸಲ ಹೇಳಬೇಕಾಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಚಳಿಗಾಲ ಕಳೆದ ಮೇಲೆ ಅವಳು ಮತ್ತೆ ಫೋನು ಮಾಡಿದಳು. ಗುನ್ನಾರ್‌ನ ಕಾಡಿಗೆ ಹೋಗಿಬಂದಿದ್ದಳಂತೆ. ದೊಡ್ಡ ಮರಗಳ ಆಸರೆ ಹೋದದ್ದರಿಂದ ಗಾಳಿಗೆ ಉಳಿದ ಸ್ಪ್ರೂಸ್‌ಗಳೂ ಉರುಳುತ್ತಿವೆ. ಒಂದು ಮರ ಬೇಲಿಯ ಮೇಲೇ ಬಿದ್ದು ತಂತಿ ನೆಲ ಹಿಡಿದಿತ್ತು. ಎಲ್ಕ್‌ಗಳು ಒಳಗೆ ಬಂದು ಚಿಗುರೆಲ್ಲ ತಿಂದು ಹೋಗಿದ್ದವು. ಗುನ್ನಾರ್ ಅಲ್ಲಿ ನಿಂತು ಮಗುವಿನ ಹಾಗೆ ಅತ್ತನಂತೆ. ಆಮೇಲೆ ಇಬ್ಬರೂ ಸೇರಿ ಮರ ಕೊಯ್ದು ಸರಿಸಿ, ತಂತಿಯನ್ನು ಎಬ್ಬಿಸಿ ಕಟ್ಟಿದ್ದರು.

“ಆಂಟಿ, ಬೇರಿಂದ ಮತ್ತೆ ಬರತ್ತೆ ಅಂತ ಅಮ್ಮ ಹೇಳಿದ್ರಲ್ಲ. ನಿಜಾನಾ?”

“ನಿಜ. ಮತ್ತೆ ಬರುತ್ತೆ.”

“ಆ ಕಲ್ಲುಹೂವು ಹತ್ತೋವಷ್ಟು ದೊಡ್ಡ ಮರ ಆಗೋಕೆ ಎಷ್ಟು ವರ್ಷ ಬೇಕು?”

ಸಮಾಧಾನದ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

“ಬಹಳ ವರ್ಷ, ತಾರಾ. ನಾನಿರಲ್ಲ. ಗುನ್ನಾರ್ ಇರಲ್ಲ. ನೀನೂ ಇರಲ್ಲ.”

ಆ ಕಡೆಯಿಂದ ರೈಲಿನ ಸದ್ದು ಕೇಳುತ್ತಿತ್ತು. ವೆಸ್ಟೆರಾಸ್‌ಗೆ ಕೆಲಸಕ್ಕೆ ಹೊರಟಿದ್ದಳೆಂದು ಕಾಣುತ್ತದೆ.

“ಸರಿ” ಎಂದಳು ಕೊನೆಗೆ. “ಶನಿವಾರ ಹೋಗಿ ಇನ್ನೊಂದು ಸುತ್ತು ತಂತಿ ಹಾಕಿ ಬರ್ತೀನಿ. ಒಂದು ಸುತ್ತು ಸಾಲಲ್ಲ ಅದಕ್ಕೆ.”